ಅವರ ಜೊತೆಗೋ, ನಮ್ಮ ಜೊತೆಗೋ: ಇರಾನಿನ ಜನ ಹೊರಗಿನವರಿಗೆ ಹಾಕಿದ ಪ್ರಶ್ನೆ

ಪ್ರತಿವರ್ಷ ನವೆಂಬರ್ 4ರಂದು ತೆಹ್ರಾನಿನಲ್ಲಿ, ಅಮೆರಿಕದ ಹಳೆಯ ರಾಯಭಾರ ಕಚೇರಿಯ ಎದುರು, ಸರ್ಕಾರವೇ ಮುಂದೆ ನಿಂತು ಮೆರವಣಿಗೆ ನಡೆಸುತ್ತದೆ. 1979ರಲ್ಲಿ ಅದೇ ದಿನ ವಿದ್ಯಾರ್ಥಿಗಳು ಆ ಕಚೇರಿಗೆ ನುಗ್ಗಿ, ಒಳಗಿದ್ದವರನ್ನು ಒತ್ತೆ ಇಟ್ಟುಕೊಂಡರು. ಆ ಪ್ರಕರಣ 444 ದಿನ ಎಳೆಯಿತು. ‘ಮರ್ಗ್ ಬರ್ ಅಮ್ರಿಕಾ’, ಅಂದರೆ ಅಮೆರಿಕಕ್ಕೆ ಸಾವು, ಎಂಬುದು ಆ ದಿನದ ಕಾಯಂ ಘೋಷಣೆ. 2009ರ ನವೆಂಬರ್ 4ರಂದು ಮಾತ್ರ, ಆ ವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ಅಕ್ರಮ ನಡೆದಿದೆ ಎಂದು ಪ್ರತಿಭಟಿಸುತ್ತಿದ್ದ, ಹಸಿರು ಪಟ್ಟಿ ಕಟ್ಟಿಕೊಂಡ ಯುವಕ ಯುವತಿಯರು ಬೀದಿಗಿಳಿದು ಬೇರೆಯದೇ ಕೂಗು ಹಾಕಿದರು: ‘ಒಬಾಮಾ, ಒಬಾಮಾ, ಯಾ ಬಾ ಊನಾ, ಯಾ ಬಾ ಮಾ.’ ಒಬಾಮಾ, ಒಂದೋ ಅವರ ಜೊತೆಗಿರು, ಇಲ್ಲ ನಮ್ಮ ಜೊತೆಗಿರು. ಪಾರ್ಸಿ ಬಲ್ಲವರಿಗೆ ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ‘ಊ ಬಾ ಮಾ’ ಎಂದರೆ ‘ಅವನು ನಮ್ಮ ಜೊತೆ’ ಎಂದರ್ಥ. ಅಮೆರಿಕದ ಅಧ್ಯಕ್ಷರ ಹೆಸರಿನಲ್ಲೇ ಅವರು ತಮ್ಮ ಆಸೆಯನ್ನು ಕೇಳಿಸಿಕೊಂಡಿದ್ದರು.

ಆದರೆ ಆ ಸಾಲು ಬರೀ ಮೊರೆ ಆಗಿರಲಿಲ್ಲ. ನಮ್ಮನ್ನು ಆಳುವವರೊಡನೆ ಒಳಗೊಳಗೇ ವ್ಯವಹಾರ ಕುದುರಿಸಿಕೊಂಡು ನಮ್ಮನ್ನು ಮರೆತುಬಿಡುತ್ತೀಯೇನೋ ಎಂಬ ಗುಮಾನಿಯೂ ಅದರೊಳಗಿತ್ತು. ಆಸೆ ಮತ್ತು ಗುಮಾನಿ ಎರಡೂ ಒಂದೇ ಉಸಿರಿನಲ್ಲಿ ಹೊರಟಿದ್ದವು. ಇರಾನಿನ ಸುದ್ದಿ ಬಂದಾಗಲೆಲ್ಲ ನಮ್ಮ ಟಿ.ವಿ. ಚರ್ಚೆಗಳು ಇದನ್ನು ಎರಡು ತುಂಡು ಮಾಡಿ ನೋಡುತ್ತವೆ. ಒಂದು ಕಡೆಯವರಿಗೆ ಇರಾನಿನ ಜನರೆಲ್ಲ ಅಮೆರಿಕದ ಹಗೆಗಳು. ಇನ್ನೊಂದು ಕಡೆಯವರಿಗೆ ಅವರೆಲ್ಲ ತಮ್ಮನ್ನು ಬಿಡಿಸಲು ಹೊರಗಿನಿಂದ ಯಾರಾದರೂ ಬರಲಿ ಎಂದು ಬಾಗಿಲಲ್ಲಿ ಕಾದು ನಿಂತವರು. ಎರಡರಲ್ಲೂ ಆ ಜನರ ಸ್ವಂತ ಅನುಭವಕ್ಕೆ ಜಾಗವಿಲ್ಲ. ಆ ಅನುಭವ ಬಹಳ ಹಳೆಯದು, ಬಹಳ ಕಹಿಯಾದದ್ದು. ಅದನ್ನು ತಿಳಿಯದೆ ಅಲ್ಲಿನ ಸುಧಾರಣೆಯ ಆಸೆ ಏಕೆ ಮತ್ತೆ ಮತ್ತೆ ಚಿಗುರುತ್ತದೆ, ಏಕೆ ಮತ್ತೆ ಮತ್ತೆ ಮುರಿಯುತ್ತದೆ ಎಂಬುದು ಅರ್ಥವಾಗುವುದಿಲ್ಲ.

1906ರ ಬೇಸಿಗೆಯಿಂದ ಶುರು ಮಾಡೋಣ. ಆಗ ಇರಾನಿನಲ್ಲಿ ‘ಬಸ್ತ್’ ಎಂಬ ಪದ್ಧತಿಯಿತ್ತು. ರಾಜನ ಕೋಪಕ್ಕೆ ಗುರಿಯಾದವರು ದರ್ಗಾದಲ್ಲೋ ದೊಡ್ಡ ಧರ್ಮಗುರುಗಳ ಮನೆಯಲ್ಲೋ ಆಶ್ರಯ ಪಡೆದರೆ ರಾಜಭಟರು ಅಲ್ಲಿಗೆ ಕಾಲಿಡುತ್ತಿರಲಿಲ್ಲ. ಆ ವರ್ಷ ತೆಹ್ರಾನಿನ ವರ್ತಕರು ಮತ್ತು ಕಸುಬುದಾರರು ಆಶ್ರಯಕ್ಕೆ ಹೋದದ್ದು ಬ್ರಿಟಿಷ್ ರಾಯಭಾರ ಕಚೇರಿಯ ತೋಟಕ್ಕೆ. ಮೊದಲು ಕೆಲವರು, ಆಮೇಲೆ ಸಾವಿರಾರು ಜನ. ಕೊನೆಗೆ ಹನ್ನೆರಡು ಸಾವಿರವನ್ನೂ ಮೀರಿದರು. ಒಂದೊಂದು ಕಸುಬಿನ ಸಂಘದವರೂ ತಮ್ಮ ತಮ್ಮ ಡೇರೆ ಹಾಕಿದರು, ದೊಡ್ಡ ಹಂಡೆಗಳಲ್ಲಿ ಅನ್ನ ಬೇಯಿಸಿದರು. ಸಂವಿಧಾನ ಎಂದರೇನು, ಸಂಸತ್ತು ಎಂದರೇನು ಎಂದು ಓದಿದವರು ಅಲ್ಲಿಯೇ ಪಾಠ ಹೇಳಿದರು. ಆಗಸ್ಟ್‌ನಲ್ಲಿ ಷಾ ಮಣಿದರು. ಡಿಸೆಂಬರ್ 30ರಂದು, ಕೊನೆಯುಸಿರೆಳೆಯುವ ಕೆಲವೇ ದಿನ ಮುಂಚೆ, ಮುಜಫ್ಫರುದ್ದೀನ್ ಷಾ ಸಂವಿಧಾನಕ್ಕೆ ಸಹಿ ಹಾಕಿದರು. ಏಷ್ಯಾದ ಮೊದಮೊದಲ ಸಂಸತ್ತುಗಳಲ್ಲಿ ಒಂದಾದ ‘ಮಜ್ಲಿಸ್’ಗೆ ಹೀಗೆ ಒಂದು ಪರದೇಶದ ಅಂಗಳದಲ್ಲಿ ಬುನಾದಿ ಬಿತ್ತು.

ಒಂದೇ ವರ್ಷ. 1907ರ ಆಗಸ್ಟ್ 31ರಂದು ಅದೇ ಬ್ರಿಟನ್, ರಷ್ಯಾದ ಜೊತೆ ಕೂತು ಇರಾನನ್ನು ಪ್ರಭಾವ ವಲಯಗಳಾಗಿ ಹಂಚಿಕೊಂಡಿತು. ಉತ್ತರ ರಷ್ಯಾದ ಪಾಲು, ಆಗ್ನೇಯ ಬ್ರಿಟನ್ನಿನ ಪಾಲು, ನಡುವಿನದು ಇಬ್ಬರಿಗೂ ಬಿಟ್ಟ ಜಾಗ. ಇರಾನಿನವರನ್ನು ಕೇಳಿದವರಿಲ್ಲ. ಮರುವರ್ಷ ಜೂನ್‌ನಲ್ಲಿ ಸಂವಿಧಾನವನ್ನು ಒಪ್ಪದ ಹೊಸ ಷಾನ ಪರವಾಗಿ, ರಷ್ಯಾದ ಕರ್ನಲ್ ಲಿಯಾಖೋವ್ ನಡೆಸುತ್ತಿದ್ದ ಕೊಸ್ಸಾಕ್ ದಳ ಮಜ್ಲಿಸ್ ಕಟ್ಟಡಕ್ಕೆ ಫಿರಂಗಿ ಹಾರಿಸಿತು. ಜನ ಹೋರಾಡಿ ಸಂಸತ್ತನ್ನು ಮತ್ತೆ ಗಳಿಸಿಕೊಂಡರು. ದೇಶದ ಹಣಕಾಸು ಸರಿಪಡಿಸಲು ಮಾರ್ಗನ್ ಶುಸ್ಟರ್ ಎಂಬ ಅಮೆರಿಕನ್ನನನ್ನು ಕರೆಸಿದರು. ಅವನನ್ನು ತೆಗೆದುಹಾಕಿ ಎಂದು 1911ರಲ್ಲಿ ರಷ್ಯಾ ಗಡುವು ಕೊಟ್ಟಿತು, ಬ್ರಿಟನ್ ತಡೆಯಲಿಲ್ಲ. ಆ ಡಿಸೆಂಬರಿನಲ್ಲಿ ಮಜ್ಲಿಸ್‌ಗೆ ಬೀಗ ಬಿತ್ತು.

ಇದೇ ಕಾಲದ ಇನ್ನೊಂದು ಸಂಗತಿಯನ್ನು ಬಿಟ್ಟರೆ ಅನ್ಯಾಯವಾಗುತ್ತದೆ. ತಬ್ರೀಜ್ ನಗರಕ್ಕೆ ರಾಜನ ಸೈನ್ಯ ಮುತ್ತಿಗೆ ಹಾಕಿದ್ದಾಗ ಅಲ್ಲಿನ ಮಿಷನರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಹೋವರ್ಡ್ ಬಾಸ್ಕರ್‌ವಿಲ್ ಎಂಬ ತರುಣ ಅಮೆರಿಕನ್ ಶಿಕ್ಷಕ, ಕೆಲಸ ಬಿಟ್ಟು ಸಂವಿಧಾನದ ಪರ ಹೋರಾಟಗಾರರ ಜೊತೆ ಸೇರಿ, 1909ರ ಏಪ್ರಿಲ್‌ನಲ್ಲಿ ಗುಂಡೇಟಿಗೆ ಸತ್ತ. ತಬ್ರೀಜ್‌ನ ಸಂವಿಧಾನ ಭವನದಲ್ಲಿ ಅವನ ಪ್ರತಿಮೆಯನ್ನು ಇಟ್ಟಿದ್ದಾರೆ. ಹೊರಗಿನವರೆಲ್ಲ ಒಂದೇ ಎಂದು ಇರಾನಿನ ಜನ ಎಂದೂ ಭಾವಿಸಲಿಲ್ಲ. ಹೊರಗಿನ ಸರ್ಕಾರಗಳ ಬಗ್ಗೆ ಮಾತ್ರ ಅವರು ಎಚ್ಚರ ಕಲಿತರು.

1953ರ ಕಥೆ ಹೆಚ್ಚಿನವರಿಗೆ ಗೊತ್ತಿರುವಂಥದ್ದು. 1951ರಲ್ಲಿ ತೈಲವನ್ನು ರಾಷ್ಟ್ರೀಕರಣಗೊಳಿಸಿದ ಪ್ರಧಾನಿ ಮೊಹಮ್ಮದ್ ಮೊಸದ್ದಿಕ್ ಅವರನ್ನು ಬ್ರಿಟನ್ ಮತ್ತು ಅಮೆರಿಕದ ಗುಪ್ತಚರ ಸಂಸ್ಥೆಗಳು ಸೇರಿ ಆಗಸ್ಟ್ 19ರಂದು ಕೆಳಗಿಳಿಸಿದವು. ತನ್ನ ಪಾತ್ರವನ್ನು ಸಿಐಎ ದಾಖಲೆಯಲ್ಲಿ ನೇರವಾಗಿ ಒಪ್ಪಿಕೊಂಡದ್ದು 60 ವರ್ಷ ಕಳೆದ ಮೇಲೆ, 2013ರಲ್ಲಿ. ಇಲ್ಲಿ ಒಂದು ಮಾತು ಸೇರಿಸಬೇಕು. ಮೊದಲು ಮೊಸದ್ದಿಕ್ ಅವರಿಗೆ ಬೆಂಬಲವಾಗಿದ್ದ ಆಯತುಲ್ಲಾ ಕಾಶಾನಿಯಂಥ ಧರ್ಮಗುರುಗಳು ಅಷ್ಟರಲ್ಲಿ ಅವರಿಂದ ದೂರ ಸರಿದಿದ್ದರು. 1953ರ ಗಾಯವನ್ನು ಇಂದಿಗೂ ಎತ್ತಿ ತೋರಿಸುವ ಇಸ್ಲಾಮಿಕ್ ಗಣರಾಜ್ಯ ಈ ಅರ್ಧವನ್ನು ಹೇಳುವುದಿಲ್ಲ. ಊರಿನಲ್ಲೇ ಗೃಹಬಂಧನದಲ್ಲಿದ್ದು 1967ರಲ್ಲಿ ತೀರಿಕೊಂಡ ಮೊಸದ್ದಿಕ್ ಇರಾನಿನ ಬಹಳಷ್ಟು ಜನರಿಗೆ ಪ್ರಿಯರಾಗಿರುವುದು ಅವರು ಎರಡನ್ನೂ ಒಟ್ಟಿಗೆ ಹಿಡಿದಿದ್ದರು ಎಂಬ ಕಾರಣಕ್ಕೆ: ಹೊರಗಿನವರ ಎದುರು ಸ್ವಾತಂತ್ರ್ಯ, ಒಳಗೆ ರಾಜನ ಎದುರು ಕಾನೂನು.

ಷಾ ಆಳ್ವಿಕೆಯನ್ನು ಉರುಳಿಸಿದ 1979ರ ಕ್ರಾಂತಿಯ ಘೋಷಣೆಯಲ್ಲೂ ಆ ಜೋಡಿಯೇ ಇತ್ತು. ‘ಇಸ್ತೆಕ್ಲಾಲ್, ಆಜಾದಿ, ಜಮ್ಹೂರಿಯೇ ಇಸ್ಲಾಮಿ.’ ಇಸ್ತೆಕ್ಲಾಲ್ ಎಂದರೆ ಪರರ ಹಿಡಿತದಿಂದ ದೇಶದ ಬಿಡುಗಡೆ. ಆಜಾದಿ ಎಂದರೆ ಪ್ರಜೆಯ ಬಿಡುಗಡೆ. ಎರಡಕ್ಕೂ ನಾವು ಸ್ವಾತಂತ್ರ್ಯ ಎಂಬ ಒಂದೇ ಪದ ಬಳಸುತ್ತೇವೆ. ಹಾಗಾಗಿ ಅವರ ಪಾಡು ನಮಗೆ ಬೇಗ ಹೊಳೆಯುವುದಿಲ್ಲ. ಹೊಸ ಸರ್ಕಾರ ಮೊದಲ ಪದವನ್ನು ಹಿಡಿದುಕೊಂಡು ಎರಡನೆಯದನ್ನು ತಿಂದುಹಾಕಿತು. ಪತ್ರಿಕೆ ಮುಚ್ಚಿಸಲು, ಕಾರ್ಮಿಕ ಸಂಘ ಒಡೆಯಲು, ವಿದ್ಯಾರ್ಥಿಯನ್ನು ಜೈಲಿಗಟ್ಟಲು ‘ವಿದೇಶಿ ಕೈವಾಡ’ ಎಂಬ ಒಂದು ಮಾತು ಸಾಕಾಯಿತು. 1980ರಿಂದ 88ರವರೆಗೆ ಇರಾಕಿನೊಡನೆ ನಡೆದ ಯುದ್ಧ ಆ ಮಾತಿಗೆ ರಕ್ತದ ಮುದ್ರೆ ಒತ್ತಿತು.

ಇಷ್ಟರ ನಡುವೆಯೂ ಅಲ್ಲಿ ಚುನಾವಣೆಗಳು ನಡೆಯುತ್ತವೆ. ಅವುಗಳ ಯಂತ್ರವನ್ನು ಸ್ವಲ್ಪ ಬಿಚ್ಚಿ ನೋಡಬೇಕು. ಯಾರು ಸ್ಪರ್ಧಿಸಬಹುದು ಎಂದು ತೀರ್ಮಾನಿಸುವುದು 12 ಜನರ ಪಾಲಕ ಮಂಡಳಿ. ಅದರಲ್ಲಿ ಆರು ಧರ್ಮಶಾಸ್ತ್ರಜ್ಞರನ್ನು, ಅಧ್ಯಕ್ಷರಿಗಿಂತಲೂ ಮೇಲಿನ ಧರ್ಮಗುರುವಾದ ಸರ್ವೋಚ್ಚ ನಾಯಕರೇ ನೇಮಿಸುತ್ತಾರೆ. ಉಳಿದ ಆರು ಕಾನೂನು ಪಂಡಿತರನ್ನು ಮಜ್ಲಿಸ್ ಆರಿಸುತ್ತದೆ, ಆದರೆ ನ್ಯಾಯಾಂಗದ ಮುಖ್ಯಸ್ಥರು ಕೊಟ್ಟ ಪಟ್ಟಿಯಿಂದ. ಆ ಮುಖ್ಯಸ್ಥರನ್ನು ನೇಮಿಸುವವರು ಮತ್ತೆ ಸರ್ವೋಚ್ಚ ನಾಯಕರೇ. 2024ರಲ್ಲಿ ಅಧ್ಯಕ್ಷ ಹುದ್ದೆಗೆ ಹೆಸರು ಕೊಟ್ಟ 80 ಜನರಲ್ಲಿ ಜರಡಿ ದಾಟಿ ಕಣದಲ್ಲಿ ಉಳಿದವರು ಆರೇ ಮಂದಿ. ಗೆದ್ದವರ ಕೈಯಲ್ಲಾದರೂ ಸೇನೆ ಇರುವುದಿಲ್ಲ, ನ್ಯಾಯಾಲಯ ಇರುವುದಿಲ್ಲ, ಸರ್ಕಾರಿ ಟಿ.ವಿ. ಇರುವುದಿಲ್ಲ. ವಿದೇಶಾಂಗ ನೀತಿಯ ದೊಡ್ಡ ತೀರ್ಮಾನಗಳಿಗೆ ನಾಯಕರ ಒಪ್ಪಿಗೆ ಬೇಕು. ಅಂದರೆ ಅಧ್ಯಕ್ಷರಿಗೆ ಸಿಗುವುದು ಕುದುರೆಯ ಜೀನು, ಲಗಾಮು ಬೇರೆಯವರ ಕೈಯಲ್ಲಿ.

ಈ ಇಕ್ಕಟ್ಟಿನಲ್ಲೇ ಸುಧಾರಣಾವಾದಿಗಳು ಒಂದು ದಾರಿ ಹುಡುಕಿದರು. ಅವರ ತಂತ್ರಜ್ಞ ಸಯೀದ್ ಹಜ್ಜಾರಿಯಾನ್ ಅವರದು ಎನ್ನಲಾಗುವ ಸೂತ್ರ ಹೀಗಿದೆ: ‘ಫೆಷಾರ್ ಅಜ್ ಪಾಯೀನ್, ಚಾನೆಜನಿ ಅಜ್ ಬಾಲಾ.’ ಕೆಳಗಿನಿಂದ ಒತ್ತಡ, ಮೇಲೆ ಚೌಕಾಸಿ. ಬೀದಿಯಲ್ಲಿ, ಪತ್ರಿಕೆಯಲ್ಲಿ, ಮತಗಟ್ಟೆಯಲ್ಲಿ ಜನ ಒತ್ತಬೇಕು. ಆ ಒತ್ತಡವನ್ನು ಕೈಯಲ್ಲಿ ಹಿಡಿದು ಅಧಿಕಾರದೊಳಗಿರುವವರು ಮೇಲಿನವರೊಡನೆ ಚೌಕಾಸಿ ಮಾಡಬೇಕು. 1997ರ ಮೇ 23ರಂದು ಮೊಹಮ್ಮದ್ ಖಾತಮಿ ಸುಮಾರು ಎರಡು ಕೋಟಿ ಮತ ಪಡೆದು, ಶೇ 70ರಷ್ಟು ಬೆಂಬಲದಿಂದ ಗೆದ್ದಾಗ ಈ ಸೂತ್ರ ಫಲಿಸುತ್ತದೆ ಎಂದು ಇಡೀ ದೇಶ ನಂಬಿತು. ಮಹಿಳೆಯರು, ಮೊದಲ ಬಾರಿ ಮತ ಹಾಕಿದ ಹುಡುಗರು, ಹಳ್ಳಿಯವರು ಎಲ್ಲರೂ ಇದ್ದರು. ಹೊರಗಿನ ಲೋಕಕ್ಕೂ ಇದು ಹೊಸ ಮುಖ. 1998ರ ಜನವರಿಯಲ್ಲಿ ಸಿಎನ್‌ಎನ್‌ಗೆ ಕೊಟ್ಟ ಸಂದರ್ಶನದಲ್ಲಿ ಖಾತಮಿ ಅಮೆರಿಕದ ನಾಗರಿಕತೆಯ ಬಗ್ಗೆ ಗೌರವದಿಂದ ಮಾತನಾಡಿದರು. ಅವರ ‘ನಾಗರಿಕತೆಗಳ ಸಂವಾದ’ದ ಹೆಸರಿನಲ್ಲಿ ವಿಶ್ವಸಂಸ್ಥೆ 2001ನೇ ವರ್ಷವನ್ನು ಆಚರಿಸಿತು.

ಆ ವರ್ಷದ ಸೆಪ್ಟೆಂಬರ್ 11ರ ದಾಳಿಯ ನಂತರ ತೆಹ್ರಾನಿನ ಜನ ಮೇಣದಬತ್ತಿ ಹಿಡಿದು ಸತ್ತವರಿಗಾಗಿ ಮರುಗಿದರು. ಡಿಸೆಂಬರಿನಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಅಫ್ಗಾನಿಸ್ತಾನಕ್ಕೆ ಹೊಸ ಸರ್ಕಾರ ರಚಿಸುವ ಮಾತುಕತೆ ನಡೆದಾಗ ಇರಾನಿನ ರಾಜತಾಂತ್ರಿಕರು ಅಮೆರಿಕದವರಿಗೆ ನೆರವಾದರು. ಮರುತಿಂಗಳು, 2002ರ ಜನವರಿ 29ರಂದು, ಅಧ್ಯಕ್ಷ ಬುಷ್ ಇರಾನನ್ನು ಇರಾಕ್ ಮತ್ತು ಉತ್ತರ ಕೊರಿಯಾದ ಜೊತೆ ಕಟ್ಟಿ ‘ದುಷ್ಟ ಕೂಟ’ ಎಂದು ಕರೆದರು. ಅಮೆರಿಕವನ್ನು ನಂಬಬೇಡಿ ಎಂದು ವರ್ಷಗಟ್ಟಲೆ ಹೇಳುತ್ತಿದ್ದ ಕಟ್ಟಾ ಸಂಪ್ರದಾಯವಾದಿಗಳಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಬೇಕಿರಲಿಲ್ಲ. ಖಾತಮಿಯವರ ಚೌಕಾಸಿಯ ಬಲ ಒಂದು ಭಾಷಣದಲ್ಲಿ ಕರಗಿತು.

ಆದರೆ ಸುಧಾರಣೆಯನ್ನು ಬುಷ್ ಒಬ್ಬರೇ ಕೊಂದರು ಎಂದರೆ ಅದು ಸುಳ್ಳು. 1999ರ ಜುಲೈನಲ್ಲಿ ತೆಹ್ರಾನ್ ವಿಶ್ವವಿದ್ಯಾಲಯದ ವಸತಿ ನಿಲಯಕ್ಕೆ ನುಗ್ಗಿ ವಿದ್ಯಾರ್ಥಿಗಳನ್ನು ಥಳಿಸಿದವರು ಇರಾನಿನವರೇ. 2000ದ ಮಾರ್ಚ್‌ನಲ್ಲಿ ಹಜ್ಜಾರಿಯಾನ್ ಅವರ ಮುಖಕ್ಕೆ ಗುಂಡು ಹೊಡೆದವರೂ ಅಲ್ಲಿನವರೇ. ಅವರು ಬದುಕಿದರು, ಮೊದಲಿನಂತೆ ನಡೆಯಲು, ಮಾತನಾಡಲು ಆಗಲಿಲ್ಲ. ಮರುತಿಂಗಳೇ ಹತ್ತಾರು ಪತ್ರಿಕೆಗಳಿಗೆ ಬೀಗ ಹಾಕಿಸಿದವರೂ ಅಲ್ಲಿನ ನ್ಯಾಯಾಧೀಶರು. 2004ರಲ್ಲಿ ಪಾಲಕ ಮಂಡಳಿ ಎರಡು ಸಾವಿರಕ್ಕೂ ಹೆಚ್ಚು ಅಭ್ಯರ್ಥಿಗಳನ್ನು, ಹಾಲಿ ಸಂಸದರನ್ನೂ ಬಿಡದೆ, ಅನರ್ಹಗೊಳಿಸಿತು. ಅಡಕತ್ತರಿಗೆ ಎರಡು ಬಾಯಿ. ಒಂದನ್ನು ಹೊರಗಿನವರು ಹಿಡಿದಿದ್ದರು, ಇನ್ನೊಂದನ್ನು ಒಳಗಿನವರು. ನಡುವೆ ಸಿಕ್ಕ ಅಡಿಕೆ ಜನರ ಆಸೆ.

2009ರ ಜೂನ್‌ನಲ್ಲಿ ಅಧ್ಯಕ್ಷ ಚುನಾವಣೆಯ ಮತ ಎಣಿಕೆಯ ವಿರುದ್ಧ ಲಕ್ಷಾಂತರ ಜನ ‘ನನ್ನ ಮತ ಎಲ್ಲಿ?’ ಎಂದು ಕೇಳುತ್ತ ಬೀದಿಗೆ ಬಂದರು. ಒಬಾಮಾ ಆಗ ಅಳೆದು ತೂಗಿ ಮಾತನಾಡಿದರು. ತಾನು ಗಟ್ಟಿಯಾಗಿ ಬೆಂಬಲಿಸಿದರೆ ಚಳವಳಿಯವರಿಗೆ ಅಮೆರಿಕದ ಏಜೆಂಟರೆಂಬ ಹಣೆಪಟ್ಟಿ ಬೀಳುತ್ತದೆ ಎಂಬುದು ಅವರ ವಾದ. 2022ರಲ್ಲಿ ಅವರೇ ಅದು ತಪ್ಪಾಗಿತ್ತು ಎಂದರು. ನನಗೆ ಅವರ ಮೊದಲಿನ ಅಳುಕೂ ಅರ್ಥವಾಗುತ್ತದೆ, ನಂತರದ ಪಶ್ಚಾತ್ತಾಪವೂ ಅರ್ಥವಾಗುತ್ತದೆ. ಮಾತನಾಡದಿದ್ದರೂ ಆ ಹಣೆಪಟ್ಟಿ ಬಿದ್ದೇ ಬಿತ್ತು. ಆ ಚುನಾವಣೆಯಲ್ಲಿ ಸೋತರೆಂದು ಘೋಷಿಸಲಾದ ಮೀರ್ ಹುಸೇನ್ ಮೂಸವಿ, ಅವರ ಪತ್ನಿ ಜಹ್ರಾ ರಹ್ನವರ್ದ್ ಮತ್ತು ಇನ್ನೊಬ್ಬ ಅಭ್ಯರ್ಥಿ ಮೆಹದಿ ಕರ್ರೂಬಿ 2011ರ ಫೆಬ್ರುವರಿಯಲ್ಲಿ ಗೃಹಬಂಧನಕ್ಕೆ ಹೋದರು.

ಆ ದಿನಗಳ ಇನ್ನೊಂದು ದೃಶ್ಯ ನಮ್ಮಲ್ಲಿ ಅಷ್ಟಾಗಿ ಚರ್ಚೆಯಾಗಿಲ್ಲ. 2009ರ ಜುಲೈ 17ರ ಶುಕ್ರವಾರ ಮಾಜಿ ಅಧ್ಯಕ್ಷ ರಫ್ಸಂಜಾನಿ ನಮಾಜಿನ ಪ್ರವಚನ ಕೊಟ್ಟಾಗ, ಮೈಕಿನಲ್ಲಿ ಘೋಷಣೆ ಹೇಳಿಕೊಡುವವರು ‘ಅಮೆರಿಕಕ್ಕೆ ಸಾವು’ ಎಂದು ಕೂಗಿಸಲು ಹೋದರು. ಜನ ಅದಕ್ಕೆ ‘ರಷ್ಯಾಕ್ಕೆ ಸಾವು’ ಎಂದು ಉತ್ತರಿಸಿದರು. ವಿವಾದಿತ ಫಲಿತಾಂಶವನ್ನು ಮೊದಲಿಗೇ ಒಪ್ಪಿಕೊಂಡ ದೇಶಗಳಲ್ಲಿ ರಷ್ಯಾ ಒಂದು. ಆ ಸಿಟ್ಟಿನ ಹಿಂದೆ ಇನ್ನೂ ಹಳೆಯ ನೆನಪಿದೆ. 1828ರ ತುರ್ಕಮಾನ್‌ಚಾಯ್ ಒಪ್ಪಂದದಲ್ಲಿ ಇರಾನ್ ಕಾಕಸಸ್ಸಿನ ಭೂಮಿಯನ್ನು ರಷ್ಯಾಕ್ಕೆ ಬಿಟ್ಟುಕೊಟ್ಟಿತು. ಇಂದಿಗೂ ಅಲ್ಲಿ ಮಾನಗೆಟ್ಟ ಒಪ್ಪಂದಕ್ಕೆಲ್ಲ ಜನ ‘ತುರ್ಕಮಾನ್‌ಚಾಯ್’ ಎನ್ನುತ್ತಾರೆ. 2021ರ ಮಾರ್ಚ್‌ನಲ್ಲಿ ಚೀನಾದ ಜೊತೆ 25 ವರ್ಷದ ಸಹಕಾರ ಒಪ್ಪಂದಕ್ಕೆ ಸಹಿ ಬಿದ್ದಾಗಲೂ, ವಿವರಗಳನ್ನು ಪ್ರಕಟಿಸದ ಕಾರಣ, ಅದೇ ಪದ ಮರಳಿ ಬಂತು. ಆದ್ದರಿಂದ ಜನರ ಸಂಶಯವನ್ನು ಪಶ್ಚಿಮದ ದ್ವೇಷ ಎಂದು ಓದುವುದು ತಪ್ಪು. ತಮ್ಮನ್ನು ಕೇಳದೆ, ತಮ್ಮ ಮೇಲಿನವರೊಡನೆ ಗುಟ್ಟಿನಲ್ಲಿ ಒಪ್ಪಂದ ಮಾಡಿಕೊಳ್ಳುವ ಯಾವ ದೊಡ್ಡ ದೇಶವಾದರೂ ಅವರ ಕಣ್ಣಿಗೆ ಒಂದೇ.

ಇನ್ನು 2015. ಜುಲೈ 14ರಂದು ವಿಯೆನ್ನಾದಲ್ಲಿ ಅಮೆರಿಕ ಮತ್ತಿತರ ದೊಡ್ಡ ದೇಶಗಳೊಡನೆ ಪರಮಾಣು ಒಪ್ಪಂದವಾದ (ಪರಮಾಣು ಕಾರ್ಯಕ್ರಮಕ್ಕೆ ಮಿತಿ, ಬದಲಿಗೆ ನಿರ್ಬಂಧಗಳ ಸಡಿಲಿಕೆ) ರಾತ್ರಿ ತೆಹ್ರಾನಿನ ಬೀದಿಗಳಲ್ಲಿ ಜನ ಕಾರಿನ ಹಾರ್ನ್ ಹೊಡೆಯುತ್ತ ಕುಣಿದರು. ಬೀದಿಯಲ್ಲಿ ಕುಣಿಯುವುದೇ ತಪ್ಪೆನ್ನುವ ದೇಶದಲ್ಲಿ. ಆಗಿನ ಸಮೀಕ್ಷೆಯಲ್ಲಿ ಮುಕ್ಕಾಲು ಪಾಲು ಜನ ಒಪ್ಪಂದದ ಪರವಾಗಿದ್ದರು. ಫೋನಿನಲ್ಲಿ ಅಪರಿಚಿತರು ಕೇಳಿದ ಪ್ರಶ್ನೆಗೆ ಅಲ್ಲಿ ಎಷ್ಟು ಜನ ಮನಬಿಚ್ಚಿ ಉತ್ತರಿಸುತ್ತಾರೋ ಎಂಬ ಅನುಮಾನ ಇಟ್ಟುಕೊಂಡೇ ಹೇಳುತ್ತೇನೆ, ಆ ಖುಷಿ ಸುಳ್ಳಾಗಿರಲಿಲ್ಲ. ಹಣದುಬ್ಬರ ಒಂದಂಕಿಗೆ ಇಳಿಯಿತು. ತೈಲ ಮತ್ತೆ ಹರಿಯಿತು. ನಮ್ಮ ಮಂಗಳೂರಿನ ಎಂಆರ್‌ಪಿಎಲ್ ಸಂಸ್ಕರಣಾಗಾರ ಇರಾನಿನ ಕಚ್ಚಾ ತೈಲದ ದೊಡ್ಡ ಗಿರಾಕಿಗಳಲ್ಲಿ ಒಂದಾಗಿತ್ತು. ಇರಾನಿನ ವಿಮಾನಯಾನ ಸಂಸ್ಥೆ ಏರ್‌ಬಸ್‌ನಿಂದ 100 ವಿಮಾನಗಳಿಗೆ ಒಪ್ಪಂದ ಮಾಡಿಕೊಂಡಿತು. ಅದರಲ್ಲಿ ಕೈಸೇರಿದ್ದು ಮೂರು. 2018ರ ಮೇ 8ರಂದು ಟ್ರಂಪ್ ಒಪ್ಪಂದದಿಂದ ಹೊರಬಂದು ನಿರ್ಬಂಧಗಳನ್ನು ಮತ್ತೆ ಹೇರಿದರು. ಇರಾನ್ ಒಪ್ಪಂದವನ್ನು ಪಾಲಿಸುತ್ತಿದೆ ಎಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಒಂದಾದ ಮೇಲೊಂದು ವರದಿ ಕೊಟ್ಟಿತ್ತು. ಅದರಿಂದ ಏನೂ ಉಪಯೋಗವಾಗಲಿಲ್ಲ. 2019ರ ಮೇ ತಿಂಗಳಿಗೆ ಭಾರತವೂ ಇರಾನಿನ ತೈಲ ಕೊಳ್ಳುವುದನ್ನು ನಿಲ್ಲಿಸಿತು.

ನಿರ್ಬಂಧ ಎಂದರೆ ಸರ್ಕಾರದ ಕತ್ತು ಹಿಸುಕುವುದು, ಆಗ ಜನ ಎದ್ದೇಳುತ್ತಾರೆ ಎಂಬುದು ವಾಷಿಂಗ್ಟನ್ನಿನ ಲೆಕ್ಕ. ಆ ಲೆಕ್ಕ ನೆಲದ ಮೇಲೆ ಹೇಗೆ ತಿರುಗಿತು ನೋಡಿ. ಒಪ್ಪಂದದ ಕಾಲದಲ್ಲಿ ಒಂದು ಡಾಲರಿಗೆ 30 ಸಾವಿರದ ಆಸುಪಾಸಿನಲ್ಲಿದ್ದ ರಿಯಾಲ್, 2025ರಲ್ಲಿ ಹತ್ತು ಲಕ್ಷ ದಾಟಿತು. ಶಿಕ್ಷಕಿಯ ಸಂಬಳ, ನಿವೃತ್ತ ನೌಕರನ ಪಿಂಚಣಿ, ಮಗಳ ಮದುವೆಗೆಂದು ಕೂಡಿಟ್ಟ ಹಣ ಎಲ್ಲವೂ ಕಣ್ಣೆದುರೇ ಆವಿಯಾಯಿತು. ಔಷಧಕ್ಕೆ ಕಾಗದದ ಮೇಲೆ ವಿನಾಯಿತಿ ಇದೆ, ಆದರೆ ಅಮೆರಿಕದ ದಂಡಕ್ಕೆ ಹೆದರಿದ ಬ್ಯಾಂಕುಗಳು ಹಣ ದಾಟಿಸಲು ಒಪ್ಪುವುದಿಲ್ಲ. ಮುಟ್ಟಿದರೆ ಚರ್ಮ ಕಿತ್ತುಬರುವ ಅಪರೂಪದ ಕಾಯಿಲೆಯ ಮಕ್ಕಳಿಗೆ ಸ್ವೀಡನ್ನಿನಿಂದ ಬರುತ್ತಿದ್ದ ವಿಶೇಷ ಪಟ್ಟಿಗಳೂ ನಿಂತುಹೋದವು. ಇದನ್ನು ಬರೆಯುವಾಗ ನನ್ನ ಕೈ ನಿಲ್ಲುತ್ತದೆ. ಯಾವ ಪ್ರಜಾಪ್ರಭುತ್ವದ ಲೆಕ್ಕದಲ್ಲಿ ಆ ಮಕ್ಕಳ ಗಾಯ ಜಮೆಯಾಗುತ್ತದೆ?

ಇನ್ನೊಂದು ಕಡೆ ಕೆಲವರು ಕೊಬ್ಬಿದರು. ಅವರಿಗೆ ಇರಾನಿನವರೇ ಇಟ್ಟ ಹೆಸರಿದೆ: ‘ಕಾಸೆಬಾನೆ ತಹ್ರೀಮ್’, ನಿರ್ಬಂಧದ ವ್ಯಾಪಾರಿಗಳು. ಕದ್ದುಮುಚ್ಚಿ ತೈಲ ಸಾಗಿಸುವ ಹಡಗು, ದುಬೈಯಲ್ಲಿ ಹೆಸರಿಗೊಂದು ಕಂಪನಿ, ಹಣ ತಿರುಗಿಸುವ ದಲ್ಲಾಳಿ, ಇವೆಲ್ಲ ಬೇಕಾಗುವುದು ನೇರ ವ್ಯಾಪಾರ ಮುಚ್ಚಿದಾಗ. ಈ ಅಡ್ಡದಾರಿಗಳಲ್ಲಿ ಸರ್ವೋಚ್ಚ ನಾಯಕರ ಅಧೀನದ ಸೇನೆಯಾದ ಕ್ರಾಂತಿ ರಕ್ಷಣಾ ಪಡೆಗೂ ಅದರ ಆಪ್ತರಿಗೂ ದೊಡ್ಡ ಪಾಲು. ವಿದೇಶಿ ಕಂಪನಿಗಳು ಬಿಟ್ಟುಹೋದ ಗುತ್ತಿಗೆಗಳು ಆ ಪಡೆಯ ಅಂಗವಾದ ಖಾತಮುಲ್ ಅಂಬಿಯಾ ನಿರ್ಮಾಣ ಸಂಸ್ಥೆಯಂಥವರ ಪಾಲಾದವು. ನಿರ್ಬಂಧ ಬಡವಾಗಿಸಿದ್ದು ಸುಧಾರಣೆ ಕೇಳುತ್ತಿದ್ದ ಮಧ್ಯಮ ವರ್ಗವನ್ನು. ಮೂರು ಕೆಲಸ ಮಾಡಿ ಮನೆ ಬಾಡಿಗೆ ಹೊಂದಿಸುವವರಿಗೆ ಸಂಘ ಕಟ್ಟಲು, ಪತ್ರಿಕೆ ನಡೆಸಲು, ಚುನಾವಣಾ ಪ್ರಚಾರಕ್ಕೆ ಓಡಾಡಲು ಪುರುಸೊತ್ತು ಎಲ್ಲಿಂದ? ಹಜ್ಜಾರಿಯಾನ್ ಸೂತ್ರದ ಎರಡು ಕೈಗಳೂ ಹೀಗೆ ಸೋತವು. ಕೆಳಗೆ ಒತ್ತುವವರು ಬಳಲಿದರು. ಮೇಲೆ ಚೌಕಾಸಿ ಮಾಡಬೇಕಿದ್ದ ಅಧ್ಯಕ್ಷ ರೂಹಾನಿ, ಅಮೆರಿಕವನ್ನು ನಂಬಿ ಕೆಟ್ಟವರು ಎಂಬ ಅಪಹಾಸ್ಯಕ್ಕೆ ಗುರಿಯಾದರು.

ಈ ನಡುವೆ ಜನರ ಭಾಷೆಯೇ ಬದಲಾಯಿತು. ಒಪ್ಪಂದ ಮುರಿಯುವ ಮುನ್ನವೇ, 2017ರ ಡಿಸೆಂಬರ್ ಕೊನೆಗೆ ಮಶ್ಹದ್‌ನಲ್ಲಿ ಬೆಲೆಯೇರಿಕೆಯ ವಿರುದ್ಧ ಎದ್ದ ಪ್ರತಿಭಟನೆ ಸಣ್ಣ ಊರುಗಳಿಗೆಲ್ಲ ಹಬ್ಬಿದಾಗ ಹೊಸ ಘೋಷಣೆ ಕೇಳಿಸಿತ್ತು: ‘ಇಸ್ಲಾಹ್‌ತಲಬ್, ಉಸೂಲ್‌ಗರಾ, ದೀಗೆ ತಮೂಮೆ ಮಾಜರಾ.’ ಸುಧಾರಣಾವಾದಿಯೇ, ಸಂಪ್ರದಾಯವಾದಿಯೇ, ನಿಮ್ಮ ಕಥೆ ಮುಗಿಯಿತು. 2019ರ ನವೆಂಬರ್‌ನಲ್ಲಿ ಪೆಟ್ರೋಲ್ ಬೆಲೆ ಏರಿದಾಗ ಸರ್ಕಾರ ಇಂಟರ್ನೆಟ್ ಕಡಿದು ಗುಂಡು ಹಾರಿಸಿತು. ನೂರಾರು ಜನ ಸತ್ತರು. 2020ರ ಜನವರಿಯಲ್ಲಿ ಉಕ್ರೇನಿನ ಪ್ರಯಾಣಿಕ ವಿಮಾನವನ್ನು ತನ್ನದೇ ಕ್ಷಿಪಣಿಯಿಂದ ಕೆಡವಿ 176 ಜನರನ್ನು ಕೊಂದು, ಮೂರು ದಿನ ಅದನ್ನು ಮುಚ್ಚಿಟ್ಟಾಗ ವಿದ್ಯಾರ್ಥಿಗಳು ಕೂಗಿದ್ದು: ‘ದುಶ್ಮನೆ ಮಾ ಹಮೀನ್‌ಜಾಸ್ತ್, ದುರೂಗ್ ಮೀಗನ್ ಅಮ್ರಿಕಾಸ್ತ್.’ ನಮ್ಮ ಶತ್ರು ಇಲ್ಲೇ ಇದ್ದಾನೆ, ಅಮೆರಿಕ ಎಂದು ಸುಳ್ಳು ಹೇಳುತ್ತಾರೆ. ಮತದಾನ ಕುಸಿಯುತ್ತ ಬಂತು. 2020ರ ಮಜ್ಲಿಸ್ ಚುನಾವಣೆಗೆ ಬಂದವರು ಶೇ 42ರಷ್ಟು. 2024ರ ಜೂನ್‌ನಲ್ಲಿ ಅಧ್ಯಕ್ಷ ಚುನಾವಣೆಯ ಮೊದಲ ಸುತ್ತಿಗೆ ಬಂದವರು ಶೇ 40ರಷ್ಟು.

2022ರ ಸೆಪ್ಟೆಂಬರ್ 16ರಂದು ಹಿಜಾಬ್ ಸರಿಯಿಲ್ಲವೆಂದು ಹಿಡಿದ ನೈತಿಕ ಪೊಲೀಸರ ವಶದಲ್ಲಿದ್ದ 22 ವರ್ಷದ ಮಹ್ಸಾ ಜೀನಾ ಅಮೀನಿ ಸತ್ತ ನಂತರ ಎದ್ದ ಅಲೆಯ ಘೋಷಣೆ ಗಮನಿಸಿ. ‘ಜನ್, ಜಿಂದಗಿ, ಆಜಾದಿ.’ ಹೆಣ್ಣು, ಬದುಕು, ಸ್ವಾತಂತ್ರ್ಯ. ಕುರ್ದಿಷ್ ಭಾಷೆಯಿಂದ ಬಂದ ಈ ಮೂರು ಮಾತಿನಲ್ಲಿ ಅಮೆರಿಕವಿಲ್ಲ, ರಷ್ಯಾವಿಲ್ಲ, ಒಬಾಮಾ ಇಲ್ಲ. ಯಾರನ್ನೂ ಜೊತೆಗೆ ಬಾ ಎಂದು ಕರೆಯುವುದಿಲ್ಲ. ಐನೂರಕ್ಕೂ ಹೆಚ್ಚು ಜನ ಸತ್ತರು ಎಂದು ಮಾನವ ಹಕ್ಕು ಸಂಘಟನೆಗಳು ಲೆಕ್ಕ ಹಾಕಿವೆ. ಬಂಧಿತರಲ್ಲಿ ಕೆಲವರನ್ನು ಗಲ್ಲಿಗೇರಿಸಿದರು. ಸರ್ಕಾರ ಉರುಳಲಿಲ್ಲ, ಹಾಗಾಗಿ ಚಳವಳಿ ಸೋತಿತು ಎಂದು ಹಲವರು ಬರೆದರು. ನಾನು ಒಪ್ಪುವುದಿಲ್ಲ. ತೆಹ್ರಾನಿನ ಬೀದಿಗಳಲ್ಲಿ ಅಲ್ಲಿಂದೀಚೆಗೆ ಅಸಂಖ್ಯ ಮಹಿಳೆಯರು ತಲೆಗೆ ಬಟ್ಟೆಯಿಲ್ಲದೆ ನಡೆದಾಡತೊಡಗಿದರು. ಮಜ್ಲಿಸ್ ಕಠಿಣ ಹಿಜಾಬ್ ಕಾನೂನು ಅಂಗೀಕರಿಸಿತು. ಆದರೆ 2024ರ ಡಿಸೆಂಬರಿನಲ್ಲಿ ಅದು ಜಾರಿಯಾಗಬೇಕಿದ್ದಾಗ ಸರ್ವೋಚ್ಚ ರಾಷ್ಟ್ರೀಯ ಭದ್ರತಾ ಮಂಡಳಿಯೇ ತಡೆಹಿಡಿಯಿತು. 1979ರ ನಂತರ ಇರಾನಿನಲ್ಲಿ ಕೆಳಗಿನ ಒತ್ತಡ ಗೆದ್ದುಕೊಂಡ ಅತಿ ದೊಡ್ಡ ನೆಲ ಇದು. ಇದಕ್ಕೆ ಯಾವ ದೇಶದ ವಿಮಾನವೂ ಬೇಕಾಗಲಿಲ್ಲ.

ಮತಗಟ್ಟೆಗೆ ಬೆನ್ನು ತಿರುಗಿಸಿದ್ದವರಲ್ಲಿ ಕೆಲವರು 2024ರ ಜುಲೈ 5ರ ಎರಡನೇ ಸುತ್ತಿಗೆ ಮರಳಿದರು. ಹೃದ್ರೋಗ ಶಸ್ತ್ರವೈದ್ಯರಾದ ಮಸೂದ್ ಪೆಜೆಷ್ಕಿಯಾನ್ ಸುಮಾರು 1.64 ಕೋಟಿ ಮತ ಪಡೆದು, ಕಟ್ಟಾವಾದಿ ಸಯೀದ್ ಜಲೀಲಿಯನ್ನು ಸೋಲಿಸಿದರು. ಉತ್ಸಾಹದಿಂದ ಹಾಕಿದ ಮತಗಳಿಗಿಂತ ಜಲೀಲಿ ಬೇಡವೆಂಬ ಭಯದಿಂದ ಬಿದ್ದ ಮತಗಳೇ ಹೆಚ್ಚಿರಬೇಕು. ಲೋಕದ ಜೊತೆ ಮಾತುಕತೆ ಮಾಡಿ ನಿರ್ಬಂಧ ತೆಗೆಸುತ್ತೇನೆ ಎಂಬುದು ಅವರ ಮುಖ್ಯ ಭರವಸೆ. 2025ರ ಏಪ್ರಿಲ್ 12ರಂದು ಒಮಾನಿನ ಮಧ್ಯಸ್ಥಿಕೆಯಲ್ಲಿ ಅಮೆರಿಕದೊಡನೆ ಮಾತು ಶುರುವಾಯಿತು. ಐದು ಸುತ್ತು ಮುಗಿದು, ಆರನೆಯದು ಜೂನ್ 15ಕ್ಕೆ ಮಸ್ಕತ್‌ನಲ್ಲಿ ಎಂದು ನಿಗದಿಯಾಗಿತ್ತು. ಜೂನ್ 13ರ ನಸುಕಿನಲ್ಲಿ ಇಸ್ರೇಲಿನ ವಿಮಾನಗಳು ಬಾಂಬು ಹಾಕಿದವು. 22ರಂದು ಅಮೆರಿಕವೇ ಫೋರ್ದೊ, ನತಾಂಜ್, ಇಸ್ಫಹಾನಿನ ಪರಮಾಣು ನೆಲೆಗಳ ಮೇಲೆ ದಾಳಿ ಮಾಡಿತು. 24ರಂದು ಕದನ ವಿರಾಮ. ಆ ಹನ್ನೆರಡು ದಿನಗಳಲ್ಲಿ ಇರಾನಿನಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಇರಾನಿನ ಕ್ಷಿಪಣಿಗಳಿಗೆ ಇಸ್ರೇಲಿನಲ್ಲೂ ಸಾಮಾನ್ಯ ಜನ ಬಲಿಯಾದರು. ಚಿಕ್ಕಬಳ್ಳಾಪುರ ಜಿಲ್ಲೆಯ ಅಲೀಪುರದಲ್ಲಿ ಓದಲು ಇರಾನಿಗೆ ಹೋದ ಮಕ್ಕಳ ಪೋಷಕರು ಫೋನಿನ ಮುಂದೆ ಕೂತಿದ್ದ ದಿನಗಳು ಅವು.

ದಾಳಿ ಶುರುವಾದ ದಿನವೇ ನೆತನ್ಯಾಹು ಇರಾನಿನ ಜನರನ್ನು ಉದ್ದೇಶಿಸಿ ಮಾತನಾಡಿ, ಎದ್ದು ನಿಲ್ಲಿ ಎಂದರು. ‘ಜನ್, ಜಿಂದಗಿ, ಆಜಾದಿ’ ಎಂಬ ಮಾತನ್ನೂ ಪಾರ್ಸಿಯಲ್ಲೇ ಉಚ್ಚರಿಸಿದರು. ಜನ ಏಳಲಿಲ್ಲ. ಸರ್ಕಾರದ ಮೇಲಿನ ಪ್ರೀತಿಯಿಂದ ಸುಮ್ಮನಿದ್ದರು ಎಂದು ತಿಳಿಯುವುದು ಬೇಡ. ಮೇಲಿನಿಂದ ಬಾಂಬು ಬೀಳುವಾಗ ಜನ ಮಕ್ಕಳನ್ನು ಎತ್ತಿಕೊಂಡು ಕಾಸ್ಪಿಯನ್ ಕಡೆಯ ರಸ್ತೆ ಹಿಡಿಯುತ್ತಾರೆ, ಸಂವಿಧಾನ ಬದಲಿಸಲು ಹೊರಡುವುದಿಲ್ಲ. ಆ ಘೋಷಣೆಗಾಗಿ ಬೆಲೆ ತೆತ್ತವರೇ ಸ್ಪಷ್ಟವಾಗಿ ಮಾತನಾಡಿದರು. ನೊಬೆಲ್ ಶಾಂತಿ ಪುರಸ್ಕೃತರಾದ ಶಿರೀನ್ ಇಬಾದಿ ಮತ್ತು ನರ್ಗಿಸ್ ಮೊಹಮ್ಮದಿ, ಚಿತ್ರ ನಿರ್ದೇಶಕರಾದ ಜಾಫರ್ ಪನಾಹಿ ಮತ್ತು ಮೊಹಮ್ಮದ್ ರಸೂಲೋಫ್ ಮತ್ತಿತರರು ಯುದ್ಧದ ನಡುವೆಯೇ ಒಂದು ಹೇಳಿಕೆಗೆ ಸಹಿ ಹಾಕಿದರು. ಯುದ್ಧ ನಿಲ್ಲಲಿ, ನಾಗರಿಕರ ಮೇಲಿನ ದಾಳಿ ನಿಲ್ಲಲಿ, ಇರಾನ್ ಯುರೇನಿಯಂ ಸಂವರ್ಧನೆ ನಿಲ್ಲಿಸಲಿ, ಆಳುವವರು ಅಧಿಕಾರ ಬಿಟ್ಟು ಹೋಗಲಿ ಎಂಬುದು ಅದರ ಸಾರ. ಹೊರಗಿನ ಬಾಂಬಿಗೂ ಒಳಗಿನ ಲಾಠಿಗೂ ಒಟ್ಟಿಗೇ ಬೇಡವೆಂದ ಈ ದನಿಗೆ ದೊಡ್ಡ ರಾಜಧಾನಿಗಳಲ್ಲಿ ಕಿವಿಯಿರಲಿಲ್ಲ.

ಎಲ್ಲ ಇರಾನಿಗರೂ ಹೀಗೆಯೇ ಯೋಚಿಸಿದರು ಎನ್ನಲಾರೆ. ಕ್ರಾಂತಿ ಪಡೆಯ ಸೇನಾಧಿಕಾರಿಗಳು ಸತ್ತ ಸುದ್ದಿಗೆ ಒಳಗೊಳಗೇ ಹಗುರಾದವರಿದ್ದರು. 2019ರಲ್ಲೋ 2022ರಲ್ಲೋ ಮಗುವನ್ನು ಕಳೆದುಕೊಂಡ ಮನೆಯವರಿಗೆ ನಾವು ಯಾವ ಬಾಯಲ್ಲಿ ಉಪದೇಶ ಮಾಡುವುದು? ಕೊನೆಯ ಷಾನ ಮಗ ರಜಾ ಪಹ್ಲವಿಯವರ ಮೇಲೆ ಭರವಸೆ ಇಟ್ಟವರು ವಿದೇಶದಲ್ಲಷ್ಟೇ ಅಲ್ಲ, ದೇಶದೊಳಗೂ ಇದ್ದಾರೆ. 2023ರಲ್ಲಿ ಅವರು ಇಸ್ರೇಲಿಗೆ ಹೋಗಿಬಂದದ್ದನ್ನು, ಯುದ್ಧದ ದಿನಗಳಲ್ಲಿ ಅವರು ತೋರಿದ ಧೋರಣೆಯನ್ನು ಕಂಡು ದೂರ ಸರಿದ ವಿರೋಧಿಗಳೂ ಇದ್ದಾರೆ. ಕುರ್ದರು, ಬಲೂಚಿಗಳು ತೆಹ್ರಾನಿನಿಂದ ಕೇಳುವುದೇ ಬೇರೆ. ಗೃಹಬಂಧನದಲ್ಲಿದ್ದ ಮೂಸವಿ 2025ರ ಜುಲೈನಲ್ಲಿ ಹೊಸ ಸಂವಿಧಾನ ಸಭೆಗಾಗಿ ಜನಮತಗಣನೆ ನಡೆಯಲಿ ಎಂದರು. ಒಂದು ಕಾಲದಲ್ಲಿ ಇದೇ ಗಣರಾಜ್ಯದ ಪ್ರಧಾನಿಯಾಗಿದ್ದವರು ಅವರು. ಸುಧಾರಣೆ ಎಂಬ ಪದಕ್ಕೆ ಅಂಟಿಕೊಂಡಿದ್ದವರೇ ಅದನ್ನು ದಾಟಿ ಹೋಗಿದ್ದಾರೆ.

ಯುದ್ಧದಿಂದ ಆಳುವವರಿಗೆ ಏನಾಯಿತು? ಪೆಟ್ಟು ಬಿತ್ತು, ಸಂದೇಹವಿಲ್ಲ. ಜೊತೆಗೆ ನೆಪವೂ ಸಿಕ್ಕಿತು. ಗೂಢಚಾರಿಕೆಯ ಹೆಸರಿನಲ್ಲಿ ನೂರಾರು ಬಂಧನಗಳು, ಮರಣದಂಡನೆಗಳು ನಡೆದವು. ಲಕ್ಷಾಂತರ ಅಫ್ಗನ್ನರನ್ನು ಗಡಿಯಾಚೆ ತಳ್ಳಿದರು. ಜುಲೈ 5ರ ಆಶೂರಾ ಮುನ್ನಾರಾತ್ರಿಯ ಶೋಕಸಭೆಯಲ್ಲಿ ಯುದ್ಧದ ನಂತರ ಮೊದಲ ಬಾರಿಗೆ ಕಾಣಿಸಿಕೊಂಡ, ಆಗ ಸರ್ವೋಚ್ಚ ನಾಯಕರಾಗಿದ್ದ ಅಲಿ ಖಮೇನಿ, ಹಳೆಯ ದೇಶಭಕ್ತಿ ಗೀತೆಯೊಂದನ್ನು ಹಾಡುವಂತೆ ಗಾಯಕರಿಗೆ ಹೇಳಿದರು. ನಲವತ್ತು ವರ್ಷ ಧರ್ಮದ ಮಾತಿನಲ್ಲಿ ಜನರನ್ನು ಕೂಡಿಸಲು ನೋಡಿದವರು ಈಗ ನಾಡಿನ ಪ್ರೀತಿಯ ಆಸರೆ ಬೇಡಿದರು. ಜನರಲ್ಲಿ ಆ ಪ್ರೀತಿ ಇದೆ, ಅದು ಸರ್ಕಾರದ ಸ್ವತ್ತಲ್ಲ. ಸೆಪ್ಟೆಂಬರ್ ಕೊನೆಗೆ ಬ್ರಿಟನ್, ಫ್ರಾನ್ಸ್, ಜರ್ಮನಿಗಳ ಒತ್ತಾಯದಿಂದ ವಿಶ್ವಸಂಸ್ಥೆಯ ನಿರ್ಬಂಧಗಳೂ ಮರಳಿದವು. ರಷ್ಯಾ, ಚೀನಾ ಯುದ್ಧದ ವೇಳೆ ಖಂಡನೆಯ ಹೇಳಿಕೆಗಳನ್ನು ಕೊಟ್ಟಿದ್ದವು, ಅಷ್ಟೇ.

ಆ ಯುದ್ಧದ ಒಂದು ದಿನವನ್ನು ನಾನು ಮರೆಯಲಾರೆ. ಜೂನ್ 23ರ ಹಗಲು, ಭೇಟಿಯ ಸಮಯದಲ್ಲಿ, ಇಸ್ರೇಲಿನ ಬಾಂಬುಗಳು ತೆಹ್ರಾನಿನ ಎವಿನ್ ಜೈಲಿನ ಮೇಲೆ ಬಿದ್ದವು. ಇರಾನಿನ ರಾಜಕೀಯ ಕೈದಿಗಳ ಜೈಲು ಅದು. ಖಾತಮಿ ಕಾಲದಲ್ಲಿ ಗೃಹ ಇಲಾಖೆಯ ಉಪಸಚಿವರಾಗಿದ್ದು, 2009ರಲ್ಲಿ ಒಮ್ಮೆ, 2022ರಲ್ಲಿ ಮತ್ತೊಮ್ಮೆ ಜೈಲು ಸೇರಿದ ಮುಸ್ತಫಾ ತಾಜ್‌ಜಾದೆ ಆಗ ಅದರೊಳಗಿದ್ದರು. ಸರ್ಕಾರದ ಲೆಕ್ಕದಂತೆಯೇ 70ಕ್ಕೂ ಹೆಚ್ಚು ಜನ ಸತ್ತರು. ಕೈದಿಗಳು, ಸಿಬ್ಬಂದಿ, ಭೇಟಿಗೆ ಬಂದ ಮನೆಯವರು, ಅಕ್ಕಪಕ್ಕದ ನಿವಾಸಿಗಳು. ದಮನದ ಸಂಕೇತಕ್ಕೆ ಹೊಡೆದೆವು ಎಂಬಂತೆ ಇಸ್ರೇಲಿನ ಸಚಿವರು ಹೇಳಿಕೊಂಡರು. ಆ ರಾತ್ರಿ ಕಾವಲುಗಾರರು ಬಂದೂಕು ಹಿಡಿದು ಬದುಕುಳಿದ ಗಂಡಸು ಕೈದಿಗಳಿಗೆ ಜೋಡಿ ಜೋಡಿಯಾಗಿ ಸಂಕೋಲೆ ತೊಡಿಸಿ ನಗರದಾಚೆಯ ಫಶಾಫೂಯೆ ಜೈಲಿಗೂ, ಹೆಣ್ಣುಮಕ್ಕಳನ್ನು ಕರ್ಚಕ್ ಜೈಲಿಗೂ ಸಾಗಿಸಿದರು. ಆಗಸ್ಟ್‌ನಲ್ಲಿ, ಗೋಡೆ ರಿಪೇರಿಯಾದ ಮೇಲೆ, ನೂರಾರು ಗಂಡಸರನ್ನು ಮತ್ತೆ ಎವಿನ್‌ಗೆ ತಂದು ಕೂಡಿದರು.